ಒಂದೇ ಸೂಲಿನ ಎರಡು ಮರಿ

ಊರಲ್ಲಿ ನಾಯಿ ಮರಿ ಹಾಕಿತೆಂದರೆ ಆ ವಾರ ಶಾಲೆಯಲ್ಲಿ ಪಾಠಕ್ಕಿಂತ ಮರಿಗಳ ಸುದ್ದಿಯೇ ಹೆಚ್ಚು. ಐದು ಹುಟ್ಟಿದ್ದವು, ಒಂದು ಸತ್ತಿತು, ಎರಡು ಹೋದವು, ಎರಡು ಉಳಿದಿವೆ ಎಂಬ ಲೆಕ್ಕವನ್ನು ಗಣಿತದಲ್ಲಿ ಹಿಂದಿರುವ ಹುಡುಗನೂ ತಪ್ಪಿಲ್ಲದೆ ಹೇಳುತ್ತಾನೆ. ಕೊನೆಗೆ ಪ್ರಶ್ನೆ ನಮ್ಮ ಮೇಜಿನ ಮುಂದೆ ಬಂದು ನಿಲ್ಲುತ್ತದೆ: "ಗುರುಜಿ, ಎರಡು ಕುನ್ನಿ ಅದಾವ. ಯಾವುದ ಒಯ್ಯಬೇಕ್ರಿ?"

ಇದರಲ್ಲಿ ಇತಿಹಾಸ ಎಲ್ಲಿಂದ ಬಂತು ಎಂದು ಕೇಳುವವರು ಇರಬಹುದು. ಆದರೆ ಮನುಷ್ಯ ಬರೆಯುವುದನ್ನು ಕಲಿಯುವ ಎಷ್ಟೋ ಸಾವಿರ ವರ್ಷಗಳ ಮೊದಲೇ ಈ ಪ್ರಶ್ನೆ ಕೇಳಿಕೊಂಡಿದ್ದಾನೆ. ನಾಯಿ ಮನುಷ್ಯನ ಜೊತೆ ಕನಿಷ್ಠ 15 ಸಾವಿರ ವರ್ಷಗಳಿಂದ ಇದೆ. ಆಕಳು, ಕುರಿ, ಕೋಳಿಗಳಿಗಿಂತ ಮೊದಲು ನಮ್ಮ ಬೆಂಕಿಯ ಬಳಿ ಬಂದು ಮಲಗಿದ ಪ್ರಾಣಿ ಅದು. ಅಂದಿನಿಂದ ಪ್ರತಿ ಸೂಲಿನಲ್ಲೂ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡುತ್ತ ಬಂದಿದ್ದೇವೆ. ಇಂದು ನಾವು ಕಾಣುವ ನಾಯಿಯ ತಳಿಗಳೆಲ್ಲ ಈ ಸಣ್ಣ ಸಣ್ಣ ಆಯ್ಕೆಗಳ ಮೊತ್ತವೇ ಆಗಿವೆ. ಆದ್ದರಿಂದ ಈ ಪ್ರಶ್ನೆಗೆ ಇತಿಹಾಸದಿಂದಲೇ ಉತ್ತರ ಹುಡುಕೋಣ.

ಸಂಗಮದ ಊರು

ನಾವು ಈ ಮಾತು ಹೇಳುತ್ತಿರುವುದು ಹರಿಪುರದಿಂದ. ಸಾಂಗಲಿಗೆ ಹೊಂದಿಕೊಂಡ, ಮಿರಜ ತಾಲೂಕಿಗೆ ಸೇರಿದ ಈ ಊರಿನಲ್ಲಿ ವಾರಣಾ ನದಿ ಬಂದು ಕೃಷ್ಣೆಗೆ ಕೂಡುತ್ತದೆ. ದಂಡೆಯ ಮೇಲೆ ಸಂಗಮೇಶ್ವರನ ಗುಡಿ. ಮರಾಠಿ ನಾಟಕಕಾರ ಗೋವಿಂದ ಬಲ್ಲಾಳ ದೇವಲ ಇದೇ ಊರಿನವರು. ಅವರಿಗೆ ರಂಗಭೂಮಿಯ ದೀಕ್ಷೆ ಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ.

ಹರಿಪುರಕ್ಕೆ ಹೆಸರು ತಂದದ್ದು ಅರಿಸಿನ. ಇಲ್ಲಿ ನೆಲದೊಳಗೆ ಆಳವಾದ ಗುಂಡಿ ತೋಡಿ ಅರಿಸಿನ ತುಂಬಿಡುತ್ತಿದ್ದರು. ಮರಾಠಿಯವರು ಅದನ್ನು 'ಪೇವ' ಎನ್ನುತ್ತಾರೆ. ನಮ್ಮ ಹಿರಿಯರು ಜೋಳ ತುಂಬಿಡುತ್ತಿದ್ದ 'ಹಗೇವು' ಅದೇ. 2005ರ ಮಹಾಪೂರದಲ್ಲಿ ಈ ಪೇವಗಳಿಗೆ ನೀರು ನುಗ್ಗಿ ಬಹಳಷ್ಟು ಹಾಳಾದವು. ಇಲ್ಲಿ ಇದನ್ನು ಹೇಳಲು ಕಾರಣ ಇಷ್ಟೇ: ಗಡಿಯ ಬದಿಯಲ್ಲಿ ಒಂದೇ ವಸ್ತುವಿಗೆ ಎರಡು ಹೆಸರು ಇರುವುದು ಹೊಸದಲ್ಲ. ಪೇವಕ್ಕೆ ಹೇಗೋ ನಾಯಿಗೂ ಹಾಗೆಯೇ. ಆ ಕಥೆಗೆ ಮುಂದೆ ಬರುತ್ತೇವೆ.

ಸ್ಪಾರ್ಟಾದ ಎರಡು ಮರಿಗಳು

ಒಂದೇ ಸೂಲಿನ ಎರಡು ಮರಿಗಳ ಬಗ್ಗೆ ಜಗತ್ತಿನಲ್ಲಿ ಅತಿ ಪ್ರಸಿದ್ಧವಾದ ಕಥೆ ಗ್ರೀಸ್ ದೇಶದ್ದು. ಸುಮಾರು 1900 ವರ್ಷಗಳ ಹಿಂದೆ ಬದುಕಿದ್ದ ಪ್ಲೂಟಾರ್ಕ್ ಅದನ್ನು ಬರೆದಿಟ್ಟಿದ್ದಾನೆ. ಸ್ಪಾರ್ಟಾ ನಗರಕ್ಕೆ ಕಾನೂನು ಕೊಟ್ಟವನೆಂದು ಐತಿಹ್ಯದಲ್ಲಿ ಹೆಸರಾದ ಲೈಕರ್ಗಸ್ ಒಂದೇ ತಂದೆ ತಾಯಿಯ ಎರಡು ಮರಿಗಳನ್ನು ತೆಗೆದುಕೊಂಡ. ಒಂದನ್ನು ಮನೆಯಲ್ಲಿ ತಿನ್ನಿಸಿ ಮುದ್ದು ಮಾಡಿ ಬೆಳೆಸಿದ. ಇನ್ನೊಂದನ್ನು ಬಯಲಿಗೆ ಒಯ್ದು ಬೇಟೆ ಕಲಿಸಿದ. ಅವು ದೊಡ್ಡವಾದ ಮೇಲೆ ಊರ ಜನರನ್ನೆಲ್ಲ ಕೂಡಿಸಿ, ಎರಡರ ಮುಂದೆಯೂ ಒಂದು ತಿನಿಸಿನ ಪಾತ್ರೆಯಿಟ್ಟು ಒಂದು ಮೊಲವನ್ನು ಬಿಟ್ಟ. ಒಂದು ಮೊಲದ ಬೆನ್ನು ಹತ್ತಿತು. ಇನ್ನೊಂದು ಪಾತ್ರೆಗೆ ಬಾಯಿ ಹಾಕಿತು. ಹುಟ್ಟು ಒಂದೇ ಆದರೂ ಬೆಳೆಸುವ ರೀತಿ ಇವುಗಳನ್ನು ಬೇರೆ ಮಾಡಿತು ನೋಡಿ ಎಂದು ಅವನು ಜನರಿಗೆ ತೋರಿಸಿದನಂತೆ.

ಶಿಕ್ಷಕರಿಗೆ ಈ ಕಥೆ ಬಹಳ ಇಷ್ಟವಾಗುತ್ತದೆ. ಕಲಿಸುವವರಿಗೆ ಇಷ್ಟು ದೊಡ್ಡ ಗೌರವ ಕೊಡುವ ಕಥೆ ಇನ್ನೊಂದಿಲ್ಲ! ಆದರೆ ಇದು ಅರ್ಧ ಸತ್ಯ. ಉಳಿದ ಅರ್ಧವನ್ನು ತೋರಿಸಿದ ಪ್ರಯೋಗ ರಷ್ಯಾದಲ್ಲಿ ನಡೆಯಿತು. 1959ರಲ್ಲಿ ದ್ಮಿತ್ರಿ ಬೆಲ್ಯಾಯೆವ್ ಎಂಬ ವಿಜ್ಞಾನಿ ಸೈಬೀರಿಯಾದ ನೊವೊಸಿಬಿರ್ಸ್ಕ್ ಬಳಿ ನರಿಗಳ ಮೇಲೆ ಪ್ರಯೋಗ ಶುರು ಮಾಡಿದರು. ತುಪ್ಪಳಕ್ಕಾಗಿ ಸಾಕುತ್ತಿದ್ದ ಬೆಳ್ಳಿಬಣ್ಣದ ನರಿಗಳವು. ಪ್ರತಿ ಪೀಳಿಗೆಯಲ್ಲೂ ಮನುಷ್ಯನನ್ನು ಕಂಡು ಅತಿ ಕಡಿಮೆ ಬೆದರುವ, ಅತಿ ಕಡಿಮೆ ಕಚ್ಚುವ ಮರಿಗಳನ್ನಷ್ಟೇ ಆರಿಸಿ ಅವುಗಳಿಂದಲೇ ಮುಂದಿನ ಪೀಳಿಗೆ ಮಾಡಿದರು. ಯಾವ ಮರಿಗೂ ಪಾಠ ಹೇಳಲಿಲ್ಲ, ಆರಿಸಿದ್ದಷ್ಟೇ. ಕೆಲವೇ ಪೀಳಿಗೆಗಳಲ್ಲಿ ಬಾಲ ಅಲ್ಲಾಡಿಸುವ, ಕೈ ನೆಕ್ಕುವ ನರಿಗಳು ಹುಟ್ಟಿದವು. ಮುಂದೆ ಕೆಲವಕ್ಕೆ ಕಿವಿ ಜೋತುಬಿದ್ದವು, ಮೈಮೇಲೆ ಬಿಳಿ ಮಚ್ಚೆ ಕಂಡವು. ಬೆಲ್ಯಾಯೆವ್ ತೀರಿಕೊಂಡ ಮೇಲೆ ಲ್ಯುದ್ಮಿಲಾ ತ್ರುತ್ ಎಂಬ ವಿಜ್ಞಾನಿ ಈ ಕೆಲಸವನ್ನು ದಶಕಗಳ ಕಾಲ ಮುಂದುವರಿಸಿದರು.

ಹೀಗೆ ಎರಡು ಮಾತು ಸಿಕ್ಕವು. ಒಂದು ಮರಿಯ ಬದುಕನ್ನು ತಿದ್ದುವುದು ಸಾಕಣೆ. ಒಂದು ತಳಿಯ ಬದುಕನ್ನು ತಿದ್ದುವುದು ಆಯ್ಕೆ. ಇವೆರಡನ್ನೂ ಮನಸ್ಸಿನಲ್ಲಿಟ್ಟುಕೊಂಡು ನಮ್ಮ ನೆಲಕ್ಕೆ ಬರೋಣ.

ಕಲ್ಲಿನ ಮೇಲೆ ಕಾಳಿ

ಕನ್ನಡ ನಾಡಿನಲ್ಲಿ ನಾಯಿಗೆ ಸಿಕ್ಕ ಗೌರವಕ್ಕೆ ಸಾಕ್ಷಿ ಬೇಕೆಂದರೆ ಆತಕೂರಿನ ಶಾಸನವನ್ನು ನೋಡಬೇಕು. ಈಗಿನ ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಊರದು. ಕಾಲ ಶಕವರ್ಷ 872, ಸೌಮ್ಯ ಸಂವತ್ಸರ, ಅಂದರೆ ಕ್ರಿ.ಶ. 949-50. ರಾಷ್ಟ್ರಕೂಟ ಮೂರನೇ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ದೊಡ್ಡ ಯುದ್ಧ ನಡೆದು ಚೋಳ ರಾಜಾದಿತ್ಯ ಸತ್ತ. ಕೃಷ್ಣನ ಪಕ್ಷದಲ್ಲಿ ಗಂಗರ ಇಮ್ಮಡಿ ಬೂತುಗ ಕಾದಿದ್ದ. ಬೂತುಗನ ಆಳು ಮಣಲೇರ. ಅವನ ಶೌರ್ಯಕ್ಕೆ ಮೆಚ್ಚಿದ ಒಡೆಯ, ಏನು ಬೇಕೋ ಕೇಳು ಎಂದ. ಮಣಲೇರ ಕೇಳಿದ್ದು 'ಕಾಳಿ' ಎಂಬ ಬೇಟೆನಾಯಿಯನ್ನು!

ಮುಂದೆ ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು ಹೋರಾಡಿತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆಗೆ ಏರ್ಪಾಡು ಮಾಡಿದರು. ನಾಯಿ ಮತ್ತು ಹಂದಿ ಕಾದಾಡುವ ಚಿತ್ರವಿರುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲ ಯುದ್ಧದ ಬಗ್ಗೆ ಇತಿಹಾಸಕಾರರು ಆಧಾರವಾಗಿ ತೋರಿಸುವ ಮುಖ್ಯ ಶಾಸನಗಳಲ್ಲಿ ಇದೂ ಒಂದು ಎಂಬುದನ್ನು ಮಕ್ಕಳಿಗೆ ಹೇಳಬೇಕು. ಒಬ್ಬ ಚಕ್ರವರ್ತಿಯ ಗೆಲುವಿನ ವಿವರ ನಮ್ಮವರೆಗೆ ಬಂದು ಮುಟ್ಟಿದ್ದು ಒಂದು ನಾಯಿಯ ಕಲ್ಲಿನ ಮೇಲೆ.

ಇನ್ನೊಂದು ಸಂಗತಿ ನೋಡಿ. ಅದೇ ಸೌಮ್ಯ ಸಂವತ್ಸರದಲ್ಲಿ ಮುದುವೊಳಲಿನಲ್ಲಿ ಬಳೆಗಾರರ ಮನೆಯಲ್ಲಿ ಒಂದು ಮಗು ಹುಟ್ಟಿತು. ಅವನೇ ಕವಿಚಕ್ರವರ್ತಿ ರನ್ನ. ಮುದುವೊಳಲು ಎಂದರೆ ಇಂದಿನ ಮುಧೋಳ. ಬೇಟೆನಾಯಿಗೆ ಕಲ್ಲು ನಿಲ್ಲಿಸಿದ ವರ್ಷವೇ, ಮುಂದೆ ಬೇಟೆನಾಯಿಗೆ ಹೆಸರಾಗುವ ಊರಿನಲ್ಲಿ ಕವಿ ಹುಟ್ಟಿದ. ಇದು ಕೇವಲ ಕಾಕತಾಳೀಯ. ಆದರೂ ಇಸವಿ ನೆನಪಿಡಲು ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಉಪಾಯ ನಮಗೆ ಸಿಕ್ಕಿಲ್ಲ.

ಮುಂದೆ ಕಲ್ಯಾಣದ ಚಾಲುಕ್ಯ ಮೂರನೇ ಸೋಮೇಶ್ವರ ಸುಮಾರು 1129ರಲ್ಲಿ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥ ರಚಿಸಿದ. ಅರಸನಾದವನು ತಿಳಿದಿರಬೇಕಾದ ಎಲ್ಲ ವಿಷಯಗಳೂ ಅದರಲ್ಲಿವೆ. ಅಡಿಗೆ, ಸಂಗೀತ, ಕುಸ್ತಿ, ಆನೆ, ಕುದುರೆಗಳ ಜೊತೆಗೆ ನಾಯಿಗಳ ಬಗ್ಗೆಯೂ 'ಸಾರಮೇಯ ವಿನೋದ' ಎಂಬ ಪ್ರತ್ಯೇಕ ಭಾಗವಿದೆ. ಒಳ್ಳೆಯ ನಾಯಿ ಯಾವುದು ಎಂದು ಆರಿಸುವ ಜಾಣ್ಮೆ ಆ ಕಾಲಕ್ಕೇ ಪುಸ್ತಕಕ್ಕೆ ಏರಿತ್ತು ಎಂದಾಯಿತು. ಮಿರಜ ಆಗ 'ಮಿರಿಂಜೆ ಮೂರುಸಾವಿರ' ಎಂಬ ನಾಡಿನ ಮುಖ್ಯ ಪಟ್ಟಣ. ಈ ಸೀಮೆಯಲ್ಲಿ ಕನ್ನಡ ಶಾಸನಗಳು ಸಿಕ್ಕಿರುವುದು ನಮ್ಮ ಓದುಗರಿಗೆ ಗೊತ್ತಿರುವ ವಿಚಾರ.

ಸಂಗಮ ಮಾಹುಲಿಯ ಸಮಾಧಿ

ಹರಿಪುರದಿಂದ ಕೃಷ್ಣೆಯ ಗುಂಟ ಮೇಲಕ್ಕೆ ಹೋದರೆ ಸಾತಾರಾ ಬಳಿ ಇನ್ನೊಂದು ಸಂಗಮ ಇದೆ. ಕೃಷ್ಣಾ ಮತ್ತು ವೆಣ್ಣಾ ನದಿಗಳು ಕೂಡುವ ಸಂಗಮ ಮಾಹುಲಿ. ಅಲ್ಲಿ ಸಾತಾರೆಯ ಛತ್ರಪತಿ ಶಾಹೂ ಮಹಾರಾಜರ ನಾಯಿಯ ಸಮಾಧಿಯಿದೆ. ಶಾಹೂ ಮಹಾರಾಜರು 1749ರಲ್ಲಿ ತೀರಿಕೊಂಡರು. ಬೇಟೆಯಲ್ಲಿ ಹುಲಿ ಬಂದಾಗ 'ಖಂಡ್ಯಾ' ಎಂಬ ಈ ನಾಯಿ ಅರಸರ ಪ್ರಾಣ ಉಳಿಸಿತು ಎಂದು ಜನ ಹೇಳುತ್ತಾರೆ.

ಇಲ್ಲಿ ಇತಿಹಾಸದ ವಿದ್ಯಾರ್ಥಿ ಒಂದು ಎಚ್ಚರ ವಹಿಸಬೇಕು. ಜನ ಹೇಳುವುದು ಬೇರೆ, ದಾಖಲೆ ಹೇಳುವುದು ಬೇರೆ. ರಾಯಗಡದಲ್ಲಿ 'ವಾಘ್ಯಾ' ಎಂಬ ನಾಯಿಯ ಪ್ರತಿಮೆ 1936ರಲ್ಲಿ ನಿಂತಿತು. ಅದು ಶಿವಾಜಿ ಮಹಾರಾಜರ ನಾಯಿಯೆಂದು ಪ್ರಸಿದ್ಧಿ. ಆದರೆ ಸಮಕಾಲೀನ ದಾಖಲೆಗಳಲ್ಲಿ ಅಂತಹ ನಾಯಿಯ ಆಧಾರವಿಲ್ಲ ಎಂದು ಹಲವು ಇತಿಹಾಸಕಾರರು ವಾದಿಸಿದ್ದಾರೆ. 2012ರಲ್ಲಿಯೂ 2025ರಲ್ಲಿಯೂ ಈ ಪ್ರತಿಮೆಯ ಬಗ್ಗೆ ವಿವಾದ ಎದ್ದಿತು. ಆತಕೂರಿನ ಕಾಳಿಯನ್ನೂ ರಾಯಗಡದ ವಾಘ್ಯಾನನ್ನೂ ಅಕ್ಕಪಕ್ಕ ಇಟ್ಟು ಪಾಠ ಮಾಡಿದರೆ, ಶಾಸನಕ್ಕೂ ಐತಿಹ್ಯಕ್ಕೂ ಇರುವ ವ್ಯತ್ಯಾಸ ನಾಲ್ಕನೇ ಇಯತ್ತೆಯ ಮಗುವಿಗೂ ತಿಳಿಯುತ್ತದೆ.

ಮುಧೋಳದ ಆಯ್ಕೆ

ಈಗ ಮುಖ್ಯ ವಿಷಯಕ್ಕೆ ಬರೋಣ. ಮುಧೋಳ ಘಟಪ್ರಭಾ ದಂಡೆಯ ಊರು, ಈಗಿನ ಬಾಗಲಕೋಟ ಜಿಲ್ಲೆಯಲ್ಲಿದೆ. ಹಿಂದೆ ಘೋರ್ಪಡೆ ಮನೆತನದ ಸಂಸ್ಥಾನವಾಗಿತ್ತು. ಅಲ್ಲಿಯ ರಾಜಾ ಮಾಲೋಜಿರಾವ್ ಘೋರ್ಪಡೆಯವರು (1884-1937) ತಮ್ಮ ಸೀಮೆಯ ಬೇಡರು ಬೇಟೆಗೆ ಬಳಸುತ್ತಿದ್ದ ನಾಯಿಗಳನ್ನು ಗಮನಿಸಿದರು. ಉದ್ದ ಮೋರೆ, ಆಳವಾದ ಎದೆ, ಒಳಸೇರಿದ ಹೊಟ್ಟೆ, ಕೋಲಿನಂಥ ಕಾಲು. ವಾಸನೆಗಿಂತ ಕಣ್ಣಿನಿಂದ ಬೇಟೆ ಹಿಡಿಯುವ ಜಾತಿ. ಪಶ್ಚಿಮ ಏಷ್ಯಾದ ಸಲೂಕಿ, ತಾಜಿ ನಾಯಿಗಳ ದೂರದ ಬಂಧು. ವ್ಯಾಪಾರದ ಕಾರವಾನಗಳ ಜೊತೆ ಅವು ದಖನ್ನಿಗೆ ಬಂದಿರಬೇಕೆಂದು ತಿಳಿದವರು ಹೇಳುತ್ತಾರೆ. ಇಲ್ಲಿಯ ಬಿಸಿಲಿಗೆ, ಜೋಳದ ನುಚ್ಚಿಗೆ, ಕಲ್ಲುಭೂಮಿಗೆ ಒಗ್ಗಿ ಅವು ನಮ್ಮವೇ ಆದವು.

ಮಾಲೋಜಿರಾವ್ ಅವರು ಹೊಸ ನಾಯಿ ಸೃಷ್ಟಿಸಲಿಲ್ಲ. ಇದ್ದುದರಲ್ಲಿ ಒಳ್ಳೆಯದನ್ನು ಆರಿಸಿ, ಒಳ್ಳೆಯದಕ್ಕೆ ಒಳ್ಳೆಯದನ್ನು ಕೂಡಿಸಿ, ಪ್ರತಿ ಸೂಲಿನಲ್ಲೂ ಮತ್ತೆ ಆರಿಸಿದರು. 1859ರಲ್ಲಿ ಡಾರ್ವಿನ್ ತನ್ನ ಪ್ರಸಿದ್ಧ ಗ್ರಂಥವನ್ನು ಶುರು ಮಾಡಿದ್ದು ಇದೇ ವಿಷಯದಿಂದ. ಸಾಕುವವನು ಮಾಡುವ ಆಯ್ಕೆಯನ್ನು ಮೊದಲು ವಿವರಿಸಿ, ಆಮೇಲೆ ನಿಸರ್ಗದ ಆಯ್ಕೆಗೆ ಅವನು ಬಂದ. ಮುಧೋಳದ ಅರಮನೆಯಲ್ಲಿ ನಡೆದದ್ದು ಅದೇ ಕೆಲಸ. ರಾಜರು ಇಂಗ್ಲೆಂಡಿಗೆ ಹೋದಾಗ ಐದನೇ ಜಾರ್ಜ್ ದೊರೆಗೆ ಒಂದು ಜೋಡಿ ನಾಯಿಗಳನ್ನು ಕಾಣಿಕೆ ಕೊಟ್ಟರೆಂಬುದು ಮುಧೋಳದವರು ಇಂದಿಗೂ ಹೆಮ್ಮೆಯಿಂದ ಹೇಳುವ ಮಾತು.

ಆದರೆ ಈ ಕಥೆಯಲ್ಲಿ ಬೇಡರನ್ನು ನಾವು ಒಂದೇ ಸಾಲಿನಲ್ಲಿ ಮುಗಿಸಬಾರದು. ಅರಸರು ಆರಿಸುವ ಮೊದಲು ಎಷ್ಟೋ ಪೀಳಿಗೆ ಆರಿಸಿಟ್ಟವರು ಅವರು. ಮುಧೋಳದ ಹತ್ತಿರದ ಹಲಗಲಿ ಇತಿಹಾಸದಲ್ಲಿ ಹೆಸರಾದ ಊರು. 1857ರಲ್ಲಿ ಆಂಗ್ಲ ಸರಕಾರ ಆಯುಧಗಳನ್ನು ಒಪ್ಪಿಸಬೇಕೆಂದು ಕಾಯದೆ ಮಾಡಿದಾಗ ಹಲಗಲಿಯ ಬೇಡರು ಒಪ್ಪಲಿಲ್ಲ. ಆ ವರ್ಷದ ನವೆಂಬರಿನಲ್ಲಿ ದಂಡು ಬಂದು ಊರಿಗೆ ಬೆಂಕಿಯಿಟ್ಟಿತು, ಸಿಕ್ಕವರನ್ನು ಗಲ್ಲಿಗೇರಿಸಿದರು. ಜಡಗ, ಬಾಲ ಮೊದಲಾದವರ ಹೆಸರು ಲಾವಣಿಗಳಲ್ಲಿ ಉಳಿದಿದೆ. ಆಯುಧ ಕಸಿದುಕೊಳ್ಳುವ ಕಾಯದೆ ಬಂತು, ಆದರೆ ನಾಯಿಯನ್ನು ಕಸಿಯುವ ಕಾಯದೆ ಯಾರೂ ಮಾಡಲಿಲ್ಲ. ಬಂದೂಕಿಲ್ಲದ ಬಡವನ ಮನೆಯಲ್ಲಿ ಬೇಟೆಗೂ ಕಾವಲಿಗೂ ನಾಯಿಯೇ ಆಸರೆ. ಕಡುಕಷ್ಟದಲ್ಲೂ ಆ ಜನ ತಮ್ಮ ಪಾಲಿನ ರೊಟ್ಟಿಯಲ್ಲಿ ಮುರಿದು ಹಾಕಿ ಈ ತಳಿಯನ್ನು ಉಳಿಸಿದರು ಎಂದೇ ನಾವು ತಿಳಿಯುತ್ತೇವೆ. ಅರಮನೆಯ ಹೆಸರು ಪುಸ್ತಕದಲ್ಲಿದೆ. ಗುಡಿಸಲಿನ ಹೆಸರೂ ಅಲ್ಲಿ ಇರಬೇಕು.

ಒಂದೇ ನಾಯಿ, ಎರಡು ಹೆಸರು

ಹರಿಪುರದಲ್ಲಿ ಹರಿಯುವ ನೀರು ನರಸೋಬಾವಾಡಿ ದಾಟಿ ಕರ್ನಾಟಕಕ್ಕೆ ಇಳಿದು, ಚಿಕ್ಕಸಂಗಮದಲ್ಲಿ ಮುಧೋಳದಿಂದ ಬಂದ ಘಟಪ್ರಭೆಯ ನೀರನ್ನು ಕೂಡುತ್ತದೆ. ನದಿಗೆ ಗಡಿ ಗೊತ್ತಿಲ್ಲ. ಹಿಂದೆ ಅರಸರಿಗೂ ಇಂದಿನ ಗಡಿ ಇರಲಿಲ್ಲ. ಪಟವರ್ಧನ ಮನೆತನದಲ್ಲಿ ಒಡಕು ಬಂದು 1801ರಲ್ಲಿ ಚಿಂತಾಮಣರಾವ್ ಅವರು ಮಿರಜದಿಂದ ಬೇರೆಯಾಗಿ ಸಾಂಗಲಿ ಸಂಸ್ಥಾನ ಕಟ್ಟಿದರು. ಆ ಸಂಸ್ಥಾನದಲ್ಲಿ ಈಗಿನ ಬಾಗಲಕೋಟ ಜಿಲ್ಲೆಯ ತೇರದಾಳ, ಬೆಳಗಾವಿಗೆ ಹೊಂದಿದ ಶಹಾಪುರ, ಗದಗ ಜಿಲ್ಲೆಯ ಶಿರಹಟ್ಟಿ ಎಲ್ಲವೂ ಸೇರಿದ್ದವು. ಜಮಖಂಡಿಯೂ ಅದೇ ಪಟವರ್ಧನರ ಇನ್ನೊಂದು ಶಾಖೆ. ತೇರದಾಳದ ಕುರುಬನ ನಾಯಿಯೂ ಮಿರಜದ ಧನಗರನ ನಾಯಿಯೂ ಬೇರೆ ಎಂದು ಆಗ ಯಾರೂ ಹೇಳುತ್ತಿರಲಿಲ್ಲ.

1948ರ ಮಾರ್ಚ್ 8ರಂದು ಸಾಂಗಲಿ, ಮಿರಜ, ಮುಧೋಳ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಮುಧೋಳ ಮೈಸೂರು ರಾಜ್ಯಕ್ಕೆ ಹೋಯಿತು, ಸಾಂಗಲಿ ಮುಂಬಯಿ ರಾಜ್ಯದಲ್ಲಿ ಉಳಿಯಿತು. 1960ರಲ್ಲಿ ಮಹಾರಾಷ್ಟ್ರವಾಯಿತು. ಮನುಷ್ಯರ ದಾಖಲೆ ಪತ್ರಗಳು ಎರಡಾದವು. ಕಾಲಕ್ರಮದಲ್ಲಿ ನಾಯಿಯೂ ಎರಡಾಯಿತು!

ಆ ಕಡೆ ಅದು 'ಮುಧೋಳ ನಾಯಿ'. ಈ ಕಡೆ ಸಾಂಗಲಿ, ಸೋಲಾಪುರ, ಲಾತೂರುಗಳಲ್ಲಿ ಅದು 'ಕಾರವಾನಿ'. ಮೈಮೇಲೆ, ಕಿವಿ ಬಾಲಗಳ ಮೇಲೆ ರೇಷ್ಮೆಯಂಥ ಉದ್ದ ಕೂದಲಿದ್ದರೆ 'ಪಶ್ಮಿ'. ನಾಯಿಗಳ ನೋಂದಣಿ ಮಾಡುವ ಸಂಸ್ಥೆಗಳೂ ಒಮ್ಮತಕ್ಕೆ ಬರಲಿಲ್ಲ. ಕೆನಲ್ ಕ್ಲಬ್ ಆಫ್ ಇಂಡಿಯಾ ಇದನ್ನು 'ಕಾರವಾನ್ ಹೌಂಡ್' ಎಂದು ಬರೆದುಕೊಳ್ಳುತ್ತದೆ. ಇಂಡಿಯನ್ ನ್ಯಾಷನಲ್ ಕೆನಲ್ ಕ್ಲಬ್ 'ಮುಧೋಳ ಹೌಂಡ್' ಎನ್ನುತ್ತದೆ. 2005ರ ಜನವರಿ 9ರಂದು ಅಂಚೆ ಇಲಾಖೆ ನಾಲ್ಕು ದೇಶೀ ನಾಯಿಗಳ ಅಂಚೆಚೀಟಿ ತಂದಾಗ ಹಿಮಾಲಯದ ಕುರಿನಾಯಿ, ರಾಂಪುರ, ರಾಜಪಾಳಯಂಗಳ ಜೊತೆ ಇದೂ ಇತ್ತು, ಹೆಸರು ಮುಧೋಳ ಹೌಂಡ್. ಹೀಗೆ ಒಂದೇ ಸೂಲಿನ ಎರಡು ಮರಿಗಳಲ್ಲಿ ಒಂದು ಗಡಿಯ ಆಚೆ ಹೋಗಿ, ಇನ್ನೊಂದು ಈಚೆ ಉಳಿದರೆ, ಕಾಗದದ ಮೇಲೆ ಅವು ಬೇರೆ ಬೇರೆ ಜಾತಿಗಳಾಗಬಹುದು.

ಖಿಲಾರಿ ಎತ್ತಿಗೆ ಈ ತೊಂದರೆ ಬರಲಿಲ್ಲ. ವಿಜಯಪುರದ ಜಾತ್ರೆಯಲ್ಲೂ ಆಟಪಾಡಿಯ ಸಂತೆಯಲ್ಲೂ ಖಿಲಾರಿ ಖಿಲಾರಿಯೇ. ನಾಯಿಗೆ ಮಾತ್ರ ಒಂದು ಊರಿನ ಹೆಸರು ಅಂಟಿತು, ಅದರಿಂದ ಕೀರ್ತಿಯೂ ಬಂತು, ಜಗಳವೂ ಬಂತು. ಹೆಸರು ಯಾವುದೇ ಇರಲಿ, ಎರಡೂ ಕಡೆಯವರು ಒಬ್ಬರ ನಾಯಿಗೆ ಇನ್ನೊಬ್ಬರ ನಾಯಿಯನ್ನು ಕೂಡಿಸದೆ ಹೋದರೆ ನಷ್ಟ ತಳಿಗೇ. ಸಣ್ಣ ಗುಂಪಿನೊಳಗೇ ಮತ್ತೆ ಮತ್ತೆ ಕೂಡಿಸಿದರೆ ಮರಿಗಳು ರೋಗಕ್ಕೆ ಸುಲಭವಾಗಿ ತುತ್ತಾಗುತ್ತವೆ. ಇದು ಪಶುವೈದ್ಯರು ಹೇಳುವ ಸಾಮಾನ್ಯ ನಿಯಮ.

ಕೆಲಸ ಹೋದ ನಾಯಿ, ಕೆಲಸ ಸಿಕ್ಕ ನಾಯಿ

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯದೆ ಬಂತು. ಬೇಟೆ ಅಪರಾಧವಾಯಿತು, ಅದು ಆಗಬೇಕಾದದ್ದೇ. ಆದರೆ ಸಾವಿರ ವರ್ಷ ಬೇಟೆಗಾಗಿಯೇ ಆರಿಸಿದ ನಾಯಿಯ ಕೆಲಸ ಹೋಯಿತು. ಅದು ಹೊಲ, ಮನೆ, ಕುರಿಹಟ್ಟಿ ಕಾಯುತ್ತ ಉಳಿಯಿತು. ಆಮೇಲೆ ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಡಿಯಲ್ಲಿ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರ ಬಂತು. ರೈತರಿಗೆ ಮರಿಗಳನ್ನು ಕೊಟ್ಟು, ಸಾಕಿಸಿ, ತಳಿ ಕಾಯುವ ಕೆಲಸ ಅಲ್ಲಿ ನಡೆಯುತ್ತದೆ. 2016ರಲ್ಲಿ ಇಲ್ಲಿಯ ಮರಿಗಳು ಮೀರತ್‌ನಲ್ಲಿರುವ ಸೈನ್ಯದ ತರಬೇತಿ ಕೇಂದ್ರಕ್ಕೆ ಹೋದವು. ವಿಮಾನ ಓಡುವ ದಾರಿಯ ಮೇಲೆ ಹಕ್ಕಿಗಳನ್ನು ಓಡಿಸಲು ವಾಯುಪಡೆಯೂ ಈ ನಾಯಿಯನ್ನು ಕೇಳಿತು. 2020ರ ಆಗಸ್ಟ್‌ನಲ್ಲಿ ಪ್ರಧಾನಿಯವರು ಆಕಾಶವಾಣಿಯಲ್ಲಿ ಇದರ ಹೆಸರು ಹೇಳಿದರು. 2022ರ ಏಪ್ರಿಲ್‌ನಲ್ಲಿ ಪ್ರಧಾನಿಯವರ ಭದ್ರತೆಯ ವಿಶೇಷ ದಳ ತಿಮ್ಮಾಪುರದಿಂದ ಎರಡು ಗಂಡು ಮರಿಗಳನ್ನು ಒಯ್ದಿತು.

ಎರಡು ಮರಿಗಳು! ದಿಲ್ಲಿಗೆ ಹೋದ ಆ ಎರಡರ ಫೋಟೋ ಪತ್ರಿಕೆಗಳಲ್ಲಿ ಬಂತು. ಆ ಸುದ್ದಿ ಓದಿದ ನಮ್ಮ ಮಕ್ಕಳು ಕೇಳಿದ್ದು ಬೇರೆಯದೇ ಪ್ರಶ್ನೆ: "ಉಳಿದ ಮರಿ ಏನಾದುವು?" ಮಕ್ಕಳ ಪ್ರಶ್ನೆಯೇ ಸರಿ. ತಿಮ್ಮಾಪುರದಲ್ಲಿ ಉಳಿದ ಮರಿಗಳಿಗೆ ಸಾಕುವ ರೈತರಿದ್ದಾರೆ. ನಮ್ಮೂರುಗಳಲ್ಲಿ ಉಳಿದ ಮರಿಗೆ ಯಾರಿದ್ದಾರೆ?

ಇಪ್ಪತ್ತು ಉಗುರಿನ ಪರೀಕ್ಷೆ

ನಮ್ಮ ಕಡೆ ಮರಿ ಆರಿಸುವ ಪದ್ಧತಿಗಳು ಹಲವು. ಬಾಲ ಹಿಡಿದು ಎತ್ತಿದಾಗ ಅಳದಿದ್ದರೆ ಗಟ್ಟಿ ಮರಿ ಎನ್ನುತ್ತಾರೆ. ಬಾಯಿ ತೆರೆದು ಅಂಗುಳ ಕಪ್ಪಾಗಿದೆಯೇ ನೋಡುತ್ತಾರೆ. ಉಗುರು ಎಣಿಸಿ ಇಪ್ಪತ್ತು ಇದ್ದರೆ ಜಾತಿನಾಯಿ ಎಂದು ಎತ್ತಿಕೊಳ್ಳುತ್ತಾರೆ. ಮರಾಠಿ, ಕನ್ನಡ ಎರಡೂ ಮನೆಗಳಲ್ಲಿ ಈ ಮಾತು ಒಂದೇ.

ಇವನ್ನು ಒಂದೊಂದಾಗಿ ನೋಡೋಣ. ಸಾಮಾನ್ಯವಾಗಿ ನಾಯಿಗೆ ಮುಂಗಾಲಿಗೆ ಐದೈದು, ಹಿಂಗಾಲಿಗೆ ನಾಲ್ಕು ನಾಲ್ಕು, ಒಟ್ಟು 18 ಉಗುರು. ಕೆಲವಕ್ಕೆ ಹಿಂಗಾಲಿನಲ್ಲಿ ಮೇಲ್ಗಡೆ ಒಂದೊಂದು ಹೆಚ್ಚಿಗೆ ಬರುತ್ತದೆ. ಅದು ವಂಶದಿಂದ ಬರುವ ಗುರುತು ಅಷ್ಟೇ. ಧೈರ್ಯಕ್ಕೂ ಓಟಕ್ಕೂ ಅದಕ್ಕೂ ಸಂಬಂಧವಿಲ್ಲ. ಅಂಗುಳದ ಬಣ್ಣವೂ ಹಾಗೆಯೇ. ಬಾಲ ಹಿಡಿದು ಎತ್ತುವುದಂತೂ ಹಿಂಸೆ. ಎಳೆಯ ಬೆನ್ನುಮೂಳೆಗೆ ಪೆಟ್ಟಾಗಬಹುದು. ಅಳದ ಮರಿ ಗಟ್ಟಿಯೇ ಆಗಿರಬೇಕೆಂದಿಲ್ಲ, ಅಳುವಷ್ಟು ಶಕ್ತಿಯಿಲ್ಲದ ರೋಗಿಯೂ ಆಗಿರಬಹುದು.

ಹಾಗಾದರೆ ಏನು ನೋಡಬೇಕು? ಕಣ್ಣಲ್ಲಿ ಪಿಸುರು ಇರಬಾರದು, ಮೂಗು ಸೋರಬಾರದು, ಹೊಟ್ಟೆ ಉಬ್ಬಿರಬಾರದು, ಹಾಗಿದ್ದರೆ ಹೆಚ್ಚಾಗಿ ಜಂತುಹುಳುವಿನ ಲಕ್ಷಣ. ಕರೆದರೆ ಹತ್ತಿರ ಬರಬೇಕು, ಸಪ್ಪಳಕ್ಕೆ ಬೆಚ್ಚಿದರೂ ಮತ್ತೆ ತಿರುಗಿ ನೋಡಬೇಕು. ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ನಾಯಿಗಳ ಮೇಲೆ ದೀರ್ಘಕಾಲ ಅಭ್ಯಾಸ ಮಾಡಿ 1965ರಲ್ಲಿ ಗ್ರಂಥ ಪ್ರಕಟಿಸಿದರು. ಮೂರನೇ ವಾರದಿಂದ ಹನ್ನೆರಡನೇ ವಾರದ ತನಕ ಮರಿ ಜಗತ್ತಿನ ಪರಿಚಯ ಮಾಡಿಕೊಳ್ಳುತ್ತದೆ, ಆಗ ಮನುಷ್ಯರ ಕೈ ತಗಲದೆ ಬೆಳೆದದ್ದು ಮುಂದೆ ಮನುಷ್ಯರಿಗೆ ಹೆದರುತ್ತದೆ ಎಂದು ಅವರು ತೋರಿಸಿದರು. ಅದರಲ್ಲಿಯೇ ಮೊದಲ ಎಂಟು ವಾರ ತಾಯಿ ಮತ್ತು ಒಡಹುಟ್ಟಿದವುಗಳ ಜೊತೆ ಇರಬೇಕು. ಎಷ್ಟು ಗಟ್ಟಿಯಾಗಿ ಕಚ್ಚಿದರೆ ನೋವಾಗುತ್ತದೆ ಎಂಬ ಮೊದಲ ಪಾಠ ಮರಿ ಕಲಿಯುವುದು ಅಲ್ಲೇ. ಎಂಟು ವಾರದೊಳಗಿನ ಮರಿ ಮಾರಬಾರದೆಂದು 2017ರಲ್ಲಿ ಕೇಂದ್ರ ಸರಕಾರವೂ ನಿಯಮ ಮಾಡಿದೆ. ಕಣ್ಣು ಬಿಡುವ ಮೊದಲೇ ಮರಿಯನ್ನು ಚೀಲದಲ್ಲಿ ಹಾಕಿಕೊಂಡು ಓಡುವ ನಮ್ಮ ಹುಡುಗರಿಗೆ ಇದನ್ನು ಹೇಳಬೇಕು. ತಂದ ಮೇಲೆ ಪಶುವೈದ್ಯರ ಬಳಿ ಒಯ್ದು ಜಂತಿನ ಔಷಧ, ಮೂರು ತಿಂಗಳಾದ ಮೇಲೆ ಹುಚ್ಚುನಾಯಿ ರೋಗದ ಲಸಿಕೆ ತಪ್ಪಿಸಬಾರದು.

ಬಿಟ್ಟ ಮರಿ

ಇನ್ನೊಂದು ಆಯ್ಕೆಯ ಮಾತನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಎರಡು ಮರಿಗಳಲ್ಲಿ ಒಂದು ಗಂಡು, ಒಂದು ಹೆಣ್ಣು ಇದ್ದರೆ ಉಗುರೂ ಎಣಿಸುವುದಿಲ್ಲ, ಅಂಗುಳವೂ ನೋಡುವುದಿಲ್ಲ. ಗಂಡು ಮನೆಗೆ, ಹೆಣ್ಣು ತಿಪ್ಪೆಗೆ. ಹರಿಪುರದಲ್ಲೂ ಹೀಗೇ, ಜತ್ತದಲ್ಲೂ ಹೀಗೇ, ಮುಧೋಳದ ಕಡೆಯೂ ಬೇರೆಯೇನಲ್ಲ. ಹೆಣ್ಣಾದರೆ ವರ್ಷಕ್ಕೆರಡು ಸೂಲು, ಯಾರು ಸಾಕಬೇಕು ಎಂಬುದು ಜನರ ತಕರಾರು. ಆ ತಕರಾರಿಗೆ ಈಗ ಉಪಾಯವಿದೆ. ಸಂತಾನಹರಣ ಶಸ್ತ್ರಚಿಕಿತ್ಸೆ ಆಗುತ್ತದೆ, ಬೀದಿನಾಯಿಗಳಿಗಾಗಿ 2001ರಲ್ಲಿ ಮಾಡಿದ ನಿಯಮಗಳನ್ನು 2023ರಲ್ಲಿ ಹೊಸದಾಗಿ ಹೊರಡಿಸಿದ್ದಾರೆ. ಆದರೂ ತಿಪ್ಪೆಯಲ್ಲಿ ಕುಂಯ್‌ಗುಡುವ ಮರಿ ಇಂದಿಗೂ ಹೆಚ್ಚಾಗಿ ಹೆಣ್ಣೇ.

ಒಂದನ್ನು ಆರಿಸಿ ಇನ್ನೊಂದನ್ನು ಬಿಡುವುದನ್ನು ಮಗು ಮನೆಯಲ್ಲಿ ನೋಡಿ ಕಲಿಯುತ್ತದೆ. ಯಾವ ಮಗುವನ್ನು ಯಾವ ಮಾಧ್ಯಮದ ಶಾಲೆಗೆ ಹಾಕಬೇಕು, ಯಾರನ್ನು ಹತ್ತನೆಯ ಇಯತ್ತೆಯ ಮುಂದೆ ಓದಿಸಬೇಕು ಎಂದು ಮನೆಯಲ್ಲಿ ಚರ್ಚೆಯಾಗುವಾಗ ಅಣ್ಣನಿಗೆ ಇಂಗ್ಲಿಷ್ ಶಾಲೆಯ ವ್ಯಾನು ಬರುತ್ತದೆ, ತಂಗಿ ನಡೆದುಕೊಂಡು ನಮ್ಮ ಕನ್ನಡ ಶಾಲೆಗೆ ಬರುತ್ತಾಳೆ. ನಮ್ಮ ಪಟದಲ್ಲಿ ಹುಡುಗಿಯರ ಸಂಖ್ಯೆ ಹೆಚ್ಚಿರುವ ವರ್ಷಗಳಲ್ಲಿ ನಾವು ಹೆಮ್ಮೆಪಡಬೇಕೋ ಚಿಂತಿಸಬೇಕೋ ತಿಳಿಯುವುದಿಲ್ಲ. ನಾವಂತೂ ಬಂದ ಮಗುವಿಗೆ ಪಾಠ ಹೇಳುತ್ತೇವೆ. ಲೈಕರ್ಗಸನ ಕಥೆ ಅರ್ಧ ಸತ್ಯವಾದರೂ ಆ ಅರ್ಧ ನಮ್ಮ ಕೈಯಲ್ಲಿದೆ.

ಸಹೋದ್ಯೋಗಿ ಮಿತ್ರರಲ್ಲಿ ಒಂದು ವಿನಂತಿ. ದೀಪಾವಳಿ ರಜೆಗೆ ಮಕ್ಕಳಿಗೆ ಒಂದು ಸಣ್ಣ ಕೆಲಸ ಕೊಡಿ. ತಮ್ಮ ವಸ್ತಿಯಲ್ಲಿರುವ ಉದ್ದ ಮೋರೆಯ ನಾಯಿಗೆ ಅಜ್ಜ ಕನ್ನಡದಲ್ಲಿ ಏನೆನ್ನುತ್ತಾರೆ, ಪಕ್ಕದ ಮನೆಯವರು ಮರಾಠಿಯಲ್ಲಿ ಏನೆನ್ನುತ್ತಾರೆ, ಅದು ಯಾವ ಊರಿನಿಂದ ಬಂದ ಮರಿ, ಅದರ ಒಡಹುಟ್ಟಿದವು ಎಲ್ಲಿ ಹೋದವು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದು ತರಲಿ. ಜತ್ತ, ಮಿರಜ, ಅಕ್ಕಲಕೋಟ, ಅಥಣಿ, ಜಮಖಂಡಿಗಳ ಶಾಲೆಗಳು ಇದನ್ನು ಕೂಡಿಸಿದರೆ ನಮ್ಮ ಸೀಮೆಯ ಒಂದು ಒಳ್ಳೆಯ ಇತಿಹಾಸವೇ ಆಗುತ್ತದೆ. ನಾಲ್ಕನೆಯ ಪ್ರಶ್ನೆಗೆ ಉತ್ತರ ತರುವುದು ಮಕ್ಕಳಿಗೆ ಎಲ್ಲಕ್ಕಿಂತ ಕಷ್ಟವಾಗುತ್ತದೆ. ಅದನ್ನು ಬಿಡಿಸಬೇಡಿ.